ಮೋಲ್ಡ್ ದಿನ ಎಷ್ಟು ನೀರು?

ಪ್ರಶ್ನೆ: ಮುಂದಿನ ತಿಂಗಳು ನಮ್ಮ ಮನೆಯ ಮೊದಲ ಮಹಡಿಗೆ ಮೋಲ್ಡ್ ಹಾಕಿಸಬೇಕು. ಕಾಂಕ್ರೀಟಿಗೆ ಕೆಮಿಕಲ್ ಬೆರೆಸಿ ನೀರು ಕಡಿಮೆ ಮಾಡಿ ಎನ್ನುತ್ತಾರೆ ಇಂಜಿನಿಯರ್. ನೀರು ಕಡಿಮೆಯಾದರೆ ಮಾಲು ಕಂಬಿಯ ಸಂದಿಗೆ ಇಳಿಯುವುದಿಲ್ಲ, ಕೆಮಿಕಲ್ಲೂ ಬೇಡ ಎನ್ನುತ್ತಾರೆ ನಮ್ಮ ಮೇಸ್ತ್ರಿ. ಊರಲ್ಲಿ ಎಷ್ಟೋ ಮನೆ ಕಟ್ಟಿದ ಅನುಭವ ಅವರದು. ಯಾರ ಮಾತು ಕೇಳಲಿ?
— ಓದುಗರೊಬ್ಬರು, ತರೀಕೆರೆ

ಉತ್ತರ: ಮೇಸ್ತ್ರಿಯವರ ಮಾತನ್ನೇ ಮೊದಲು ತೆಗೆದುಕೊಳ್ಳುತ್ತೇನೆ. ಅದು ತಿಳಿಯದೆ ಆಡಿದ ಮಾತೆಂದು ತಳ್ಳಿಹಾಕುವವರೇ ಹೆಚ್ಚು. ಬೀಮ್ ಮತ್ತು ಪಿಲ್ಲರ್ ಕೂಡುವ ಜಾಗವನ್ನು ಒಮ್ಮೆ ಬಗ್ಗಿ ನೋಡಿ. ಎರಡು ಮೂರು ಕಡೆಯ ಕಂಬಿಗಳು ಅಲ್ಲಿ ಒಂದರೊಳಗೊಂದು ಹೆಣೆದುಕೊಂಡು ಬೆರಳು ತೂರುವುದೂ ಕಷ್ಟವಾಗಿರುತ್ತದೆ. 20 ಮಿ.ಮೀ. ಜಲ್ಲಿ ಅದರ ನಡುವೆ ತಳದವರೆಗೆ ಇಳಿಯಬೇಕು. ಮಾಲು ಗಟ್ಟಿಯಾಗಿದ್ದರೆ ಇಳಿಯುವುದಿಲ್ಲ. ಸೆಂಟ್ರಿಂಗ್ ಬಿಚ್ಚಿದಾಗ ಜೇನುಗೂಡಿನಂಥ ಪೊಳ್ಳು ಕಾಣಿಸುತ್ತದೆ, ಬೈಗುಳ ಮೇಸ್ತ್ರಿಗೆ. ಅದರ ಮೇಲೆ ಈಗ ಹೊಳೆ ಮರಳು ಹೋಗಿ ಎಂ-ಸ್ಯಾಂಡ್ ಬಂದಿದೆ. ಹೊಳೆ ಮರಳಿನ ಕಣ ಉರುಟು, ಜಾರುತ್ತದೆ. ಯಂತ್ರದಲ್ಲಿ ಪುಡಿಮಾಡಿದ ಎಂ-ಸ್ಯಾಂಡ್ ಕಣಕ್ಕೆ ಅಂಚು ಹೆಚ್ಚು, ಪುಡಿಯೂ ಹೆಚ್ಚು. ಅಷ್ಟೇ ಹದಕ್ಕೆ ಹೆಚ್ಚು ನೀರು ಕೇಳುತ್ತದೆ. ಮೇಸ್ತ್ರಿಯವರ ಕೈ ನೀರಿನ ಬಕೆಟ್ಟಿಗೆ ಹೋಗುವುದಕ್ಕೆ ಕಾರಣ ಸೋಮಾರಿತನವಲ್ಲ, ಕೆಲಸದ ಕಷ್ಟ.

ಆದರೆ ಆ ನೀರಿನ ಬೆಲೆ ದೊಡ್ಡದು. ಸಿಮೆಂಟು ಒಣಗಿ ಗಟ್ಟಿಯಾಗುವುದಿಲ್ಲ, ನೀರಿನೊಡನೆ ರಾಸಾಯನಿಕವಾಗಿ ಕೂಡಿ ಗಟ್ಟಿಯಾಗುತ್ತದೆ. ಹಾಗೆ ಕೂಡಿಕೊಳ್ಳುವುದಕ್ಕೆ ಬೇಕಾದ ನೀರು ಸಿಮೆಂಟಿನ ತೂಕದ ಕಾಲು ಭಾಗದ ಆಸುಪಾಸು. ಕಾಂಕ್ರೀಟಿನೊಳಗೆ ಹಿಡಿದಿಡಲ್ಪಡುವ ಇನ್ನೊಂದಿಷ್ಟನ್ನು ಸೇರಿಸಿದರೂ ಶೇ 40ರ ಹತ್ತಿರ ಬರುತ್ತದೆ. ಉಳಿದದ್ದೆಲ್ಲ ಮಾಲು ಹರಿಯಲೆಂದು ಹಾಕಿದ ನೀರು. ಅದು ಆವಿಯಾಗಿ ಹೋದ ಮೇಲೆ ಅದಿದ್ದ ಜಾಗ ಕಣ್ಣಿಗೆ ಕಾಣದ ಸಣ್ಣ ಸಣ್ಣ ನಾಳಗಳಾಗಿ ಉಳಿಯುತ್ತದೆ. 1918ರಲ್ಲಿ ಶಿಕಾಗೊದ ಡಫ್ ಏಬ್ರಮ್ಸ್ ಎಂಬ ಇಂಜಿನಿಯರ್ ಸಾವಿರಾರು ಮಾದರಿಗಳನ್ನು ಒತ್ತಿ ಒಡೆದು ನೋಡಿ ಇದನ್ನು ನಿಯಮವಾಗಿ ಬರೆದರು: ಸಾಮಗ್ರಿ ಅದೇ ಆದಲ್ಲಿ ಕಾಂಕ್ರೀಟಿನ ಬಲವನ್ನು ತೀರ್ಮಾನಿಸುವುದು ಸಿಮೆಂಟಿಗೆ ನೀರು ಎಷ್ಟು ಪಾಲು ಎಂಬುದು. ಶತಮಾನ ಕಳೆದರೂ ಆ ನಿಯಮ ನಿಂತಿದೆ.

ನಿಮ್ಮ ಮನೆಯ ಲೆಕ್ಕ ನೋಡೋಣ. ಭಾರತೀಯ ಮಾನದಂಡ ಐಎಸ್ 456ರ ಪ್ರಕಾರ ಎಂ-20 ಸಾಮಾನ್ಯ ಮಿಶ್ರಣಕ್ಕೆ 50 ಕೆ.ಜಿ. ಚೀಲವೊಂದಕ್ಕೆ ನೀರು 30 ಲೀಟರ್ ದಾಟಬಾರದು. ಮರಳಿನಲ್ಲಿ ಮೊದಲೇ ಇರುವ ತೇವವೂ ಈ ಲೆಕ್ಕದೊಳಗೇ ಬರುತ್ತದೆ. ಮಳೆಯಲ್ಲಿ ನೆನೆದ ಮರಳಾದರೆ ಚೀಲಕ್ಕೆ ಮೂರು ನಾಲ್ಕು ಲೀಟರ್ ಅಲ್ಲಿಂದಲೇ ಬಂದಿರುತ್ತದೆ. ಇದರ ಮೇಲೆ ಮಿಲ್ಲರ್ ಹತ್ತಿರ ನಿಂತವರು ಅಂದಾಜಿಗೆ ಅರ್ಧ ಬಕೆಟ್ ಸುರಿದರೆ 40 ಲೀಟರಿಗೆ ಹೋಗುತ್ತದೆ. ಬಲದಲ್ಲಿ ಸುಮಾರು ಮೂರನೇ ಒಂದು ಪಾಲು ಅಲ್ಲೇ ಹೋಯಿತು. ಸಿಮೆಂಟಿಗೆ ಕೊಟ್ಟ ದುಡ್ಡು ಮಾತ್ರ ಪೂರ್ತಿ.

ಬಲ ಕಡಿಮೆಯಾದ ಮೋಲ್ಡ್ ಕೂಡಲೇ ಬೀಳುವುದಿಲ್ಲ. ಹಾಗಾಗಿಯೇ ‘ಇಷ್ಟು ಮನೆ ಕಟ್ಟಿದ್ದೇನೆ, ಏನೂ ಆಗಿಲ್ಲ’ ಎಂಬ ಮಾತು ನಡೆಯುತ್ತದೆ. ಹಾನಿ ಕಾಣುವುದು ಹದಿನೈದು ಇಪ್ಪತ್ತು ವರ್ಷದ ಮೇಲೆ. ಒಳ್ಳೆಯ ಕಾಂಕ್ರೀಟಿನೊಳಗೆ ಸುಣ್ಣದ ಅಂಶದಿಂದಾಗಿ ಕ್ಷಾರ ತುಂಬಿರುತ್ತದೆ. ಆ ಕ್ಷಾರದಲ್ಲಿ ಕಂಬಿಯ ಮೇಲೆ ತೆಳುವಾದ ರಕ್ಷಣೆಯ ಪೊರೆ ಉಳಿಯುತ್ತದೆ. ನಾಳಗಳು ಹೆಚ್ಚಿದ್ದರೆ ಗಾಳಿಯ ಇಂಗಾಲದ ಡೈಆಕ್ಸೈಡು ಒಳನುಗ್ಗಿ ಕ್ಷಾರವನ್ನು ಇಳಿಸುತ್ತದೆ, ಪೊರೆ ಹೋಗುತ್ತದೆ, ನೀರು ಮತ್ತು ಗಾಳಿ ಸೇರಿ ತುಕ್ಕು ಹಿಡಿಯುತ್ತದೆ. ತುಕ್ಕು ಕಬ್ಬಿಣಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಜಾಗ ಕೇಳುವುದರಿಂದ ಕೆಳಗಿನ ಪದರವನ್ನು ಒಡೆದು ಬೀಳಿಸುತ್ತದೆ. ಹಳೆಯ ಮನೆಗಳ ಬಚ್ಚಲಿನ ಮೇಲ್ಛಾವಣಿಯಲ್ಲಿ ಕಂಬಿ ಎದ್ದು ಕಾಣುವುದು ಹೀಗೆ. ಮಂಗಳೂರು, ಕಾರವಾರದಂಥ ಕಡಲೂರುಗಳಲ್ಲಿ ಉಪ್ಪಿನ ಗಾಳಿಯಿಂದ ಇದು ಇನ್ನೂ ಬೇಗ.

ಹರಿಯಬೇಕು, ಆದರೆ ನೀರು ಇರಬಾರದು. ಕಾಂಕ್ರೀಟ್ ತಂತ್ರಜ್ಞಾನದ ಕಳೆದ ಅರವತ್ತು ವರ್ಷದ ಪ್ರಯತ್ನದಲ್ಲಿ ಬಹುಪಾಲು ಈ ಇಕ್ಕಟ್ಟನ್ನು ಬಿಡಿಸಲು ನಡೆದದ್ದು ಎಂದೇ ನನ್ನ ಅಭಿಪ್ರಾಯ. ಇಂಜಿನಿಯರ್ ಹೇಳುವ ಕೆಮಿಕಲ್, ಅಂದರೆ ಪ್ಲಾಸ್ಟಿಸೈಜರ್, ಹುಟ್ಟಿದ್ದು ಅದಕ್ಕೇ. ನೀರಿಗೆ ಬಿದ್ದ ಸಿಮೆಂಟಿನ ಕಣಗಳು ಒಂದಕ್ಕೊಂದು ಅಂಟಿ ಸಣ್ಣ ಉಂಡೆಗಳಾಗುತ್ತವೆ. ಒಂದಷ್ಟು ನೀರು ಉಂಡೆಯೊಳಗೆ ಸಿಕ್ಕಿಕೊಂಡು ಯಾವ ಕೆಲಸಕ್ಕೂ ಬಾರದಂತಾಗುತ್ತದೆ. ಮೇಸ್ತ್ರಿ ಮತ್ತೆ ಮತ್ತೆ ಸುರಿಯುವುದು ಈ ಸಿಕ್ಕಿಕೊಂಡ ನೀರಿಗೆ ಬದಲಿಯಾಗಿ. 1960ರ ದಶಕದಲ್ಲಿ ಜಪಾನಿನಲ್ಲಿ ನ್ಯಾಫ್ತಲೀನ್ ಮೂಲದ, ಜರ್ಮನಿಯಲ್ಲಿ ಮೆಲಮೈನ್ ಮೂಲದ ಸೂಪರ್ ಪ್ಲಾಸ್ಟಿಸೈಜರುಗಳು ಬಂದವು. ಅವು ಕಣಗಳಿಗೆ ಅಂಟಿ ಒಂದೇ ಬಗೆಯ ವಿದ್ಯುದಂಶ ಕೊಡುತ್ತವೆ, ಕಣಗಳು ಒಂದನ್ನೊಂದು ದೂಡುತ್ತವೆ, ಉಂಡೆ ಒಡೆದು ನೀರು ಬಿಡುಗಡೆಯಾಗುತ್ತದೆ. 1980ರ ದಶಕದಲ್ಲಿ ಜಪಾನಿನಿಂದಲೇ ಬಂದ ಪಾಲಿಕಾರ್ಬಾಕ್ಸಿಲೇಟ್ ಜಾತಿಯ ಅಣು ಬಾಚಣಿಗೆಯ ಹಾಗಿದೆ: ಬೆನ್ನು ಕಣಕ್ಕೆ ಅಂಟುತ್ತದೆ, ಹಲ್ಲುಗಳು ಹೊರಚಾಚಿ ಪಕ್ಕದ ಕಣವನ್ನು ದೂರವಿಡುತ್ತವೆ. ಸಾಧಾರಣ ಪ್ಲಾಸ್ಟಿಸೈಜರಿನಿಂದ ನೀರು ಶೇ 5ರಿಂದ 10ರಷ್ಟು, ಸೂಪರ್ ಪ್ಲಾಸ್ಟಿಸೈಜರಿನಿಂದ ಶೇ 15ರಿಂದ 30ರವರೆಗೂ ಇಳಿಸಬಹುದು, ಹದ ಕೆಡುವುದಿಲ್ಲ.

ಈ ದಾರಿಯ ತುದಿಗೆ ಹೋದವರೂ ಜಪಾನಿನವರೇ. ಅಲ್ಲಿ ನುರಿತ ಕೆಲಸಗಾರರು ಕಡಿಮೆಯಾಗುತ್ತಿದ್ದರು, ಸರಿಯಾಗಿ ವೈಬ್ರೇಟರ್ ಹಿಡಿಯದೆ ಕಟ್ಟಡಗಳ ಬಾಳಿಕೆ ಕುಗ್ಗುತ್ತಿತ್ತು. ತೋಕಿಯೊ ವಿಶ್ವವಿದ್ಯಾಲಯದ ಹಜಿಮೆ ಒಕಮುರಾ 1986ರಲ್ಲಿ ಕೇಳಿದ ಪ್ರಶ್ನೆ ನಿಮ್ಮ ಮೇಸ್ತ್ರಿಯವರದ್ದೇ: ಎಷ್ಟೇ ಕಂಬಿಯಿದ್ದರೂ ಯಾರೂ ತಿವಿಯದೆ, ತನ್ನ ಭಾರಕ್ಕೇ ಹರಿದು ಮೂಲೆ ತುಂಬುವ ಕಾಂಕ್ರೀಟ್ ಮಾಡಲಾಗದೇ? 1988ಕ್ಕೆ ಮಾದರಿ ಸಿದ್ಧವಾಯಿತು. ಸೆಲ್ಫ್ ಕಂಪ್ಯಾಕ್ಟಿಂಗ್ ಕಾಂಕ್ರೀಟ್ ಎಂದು ಅದಕ್ಕೆ ಹೆಸರು. 1998ರಲ್ಲಿ ತೆರೆದ ಅಕಾಶಿ ತೂಗುಸೇತುವೆಯ ಆಂಕರೇಜ್‌ಗಳಿಗೆ, ಅಂದರೆ ಅದರ ಕೇಬಲ್ಲುಗಳನ್ನು ಹಿಡಿದಿಟ್ಟ ಭಾರೀ ಕಾಂಕ್ರೀಟ್ ಗಡ್ಡೆಗಳಿಗೆ, ಬಳಸಿದ್ದು ಅದನ್ನೇ. ನಿಮ್ಮ ಮನೆಗೆ ಅಷ್ಟೆಲ್ಲ ಬೇಡ. ಆದರೆ ಕೆಲಸಗಾರನ ಕಷ್ಟವನ್ನು ದೂರಾಗಿ ಕಾಣದೆ ಸಮಸ್ಯೆಯಾಗಿ ತೆಗೆದುಕೊಂಡ ಆ ಬಗೆ ನನಗೆ ಬಹಳ ಮೆಚ್ಚುಗೆ.

ಹಾಗಾಗಿ ಕೆಮಿಕಲ್ ಹಾಕಿಸಿ, ಇಂಜಿನಿಯರ್ ಮತ್ತು ಮೇಸ್ತ್ರಿ ಇಬ್ಬರನ್ನೂ ಕೂರಿಸಿಕೊಂಡು. ಒಂದು ತಪ್ಪು ಎಲ್ಲ ಕಡೆ ನಡೆಯುತ್ತದೆ: ಕೆಮಿಕಲ್ಲೂ ಬೀಳುತ್ತದೆ, ನೀರೂ ಮೊದಲಿನಷ್ಟೇ ಬೀಳುತ್ತದೆ. ಆಗ ಜಲ್ಲಿ ತಳಕ್ಕೆ ಕೂತು ಮೇಲೆ ಬರೀ ಹಾಲು ತೇಲುತ್ತದೆ, ಬಲ ಕಿಂಚಿತ್ತೂ ಹೆಚ್ಚುವುದಿಲ್ಲ. ಚೀಲಕ್ಕೆ 30 ಲೀಟರ್ ಇದ್ದದ್ದನ್ನು 25ಕ್ಕೆ ಇಳಿಸಿದರೆ ಮಾತ್ರ ಕೆಮಿಕಲ್ಲಿಗೆ ಅರ್ಥ. ಡಬ್ಬದ ಮೇಲೆ ಐಎಸ್ 9103 ಎಂದಿರುವುದನ್ನು ನೋಡಿ ಕೊಳ್ಳಿ, ಅದರಲ್ಲಿ ಬರೆದ ಪ್ರಮಾಣವನ್ನು ಅಳತೆ ಲೋಟದಲ್ಲೇ ಹಾಕಿಸಿ. ಹೆಚ್ಚು ಬಿದ್ದರೆ ಕಾಂಕ್ರೀಟ್ ಗಟ್ಟಿಯಾಗುವುದು ಗಂಟೆಗಟ್ಟಲೆ ತಡವಾಗುತ್ತದೆ. ಎಂ-ಸ್ಯಾಂಡಿನಲ್ಲಿ ಜೇಡಿ ಪುಡಿಯಿದ್ದರೆ ಪಾಲಿಕಾರ್ಬಾಕ್ಸಿಲೇಟನ್ನು ಅದೇ ಹೀರಿಕೊಂಡುಬಿಡುತ್ತದೆ. ಒಂದು ಹಿಡಿ ಮರಳನ್ನು ಗಾಜಿನ ಲೋಟದ ನೀರಲ್ಲಿ ಕಲಕಿ ಬಿಟ್ಟು, ಮೇಲೆ ಎಷ್ಟು ಕೆಸರು ಕೂರುತ್ತದೆಂದು ಹಿಂದಿನ ದಿನವೇ ನೋಡಿ.

ಮೋಲ್ಡ್ ಹಾಕುವ ದಿನ ಸ್ಲಂಪ್ ಕೋನ್ ತರಲು ಇಂಜಿನಿಯರಿಗೆ ಹೇಳಿ. 30 ಸೆಂ.ಮೀ. ಎತ್ತರದ, ಎರಡೂ ಕಡೆ ಬಾಯಿರುವ ತಗಡಿನ ಶಂಕು ಅದು. ಪದರ ಪದರವಾಗಿ ಮಾಲು ತುಂಬಿ, ಪ್ರತಿ ಪದರಕ್ಕೂ ಸರಳಿನಿಂದ 25 ಸಲ ತಿವಿದು, ನಿಧಾನವಾಗಿ ಮೇಲೆತ್ತಿದರೆ ಮಾಲು ಕುಸಿಯುತ್ತದೆ. ಕೈಯಲ್ಲಿ ಬಾಂಡ್ಲಿ ಸಾಗಿಸಿ ಹಾಕುವ ಮೋಲ್ಡಿಗೆ 75ರಿಂದ 100 ಮಿ.ಮೀ. ಕುಸಿತ ಸಾಕು. ಮೊದಲ ಮಿಲ್ಲರಿನ ಮಾಲಿಗೇ ಇದನ್ನು ಮಾಡಿ, ಮೇಸ್ತ್ರಿಯವರ ಕೈಯಲ್ಲೇ ಮಾಡಿಸಿ. ಕಡಿಮೆ ನೀರಲ್ಲೂ ಮಾಲು ಇಳಿಯುವುದನ್ನು ಅವರೇ ಕರಣೆಯಲ್ಲಿ ಎತ್ತಿ ನೋಡಲಿ. ಕಂಬಿಯ ಕೆಳಗೆ 20 ಮಿ.ಮೀ. ಕವರ್ ಬ್ಲಾಕ್ ಇದೆಯೇ, ಬೀಮ್ ಸಂದಿಗೆ ವೈಬ್ರೇಟರ್ ಸೂಜಿ ಹೋಗುತ್ತದೆಯೇ ಎಂಬುದನ್ನೂ ಹಾಕುವ ಮೊದಲೇ ನೋಡಿಕೊಳ್ಳಿ.

ಹಾಕುವಾಗ ಉಳಿಸಿದ ನೀರನ್ನು ಆಮೇಲೆ ಧಾರಾಳವಾಗಿ ಕೊಡಿ. ಅಂಗಡಿಯಲ್ಲಿ ನೀವು ಕೊಳ್ಳುವುದು ಬಹುಶಃ ಪಿಪಿಸಿ, ಅಂದರೆ ಹಾರುಬೂದಿ ಬೆರೆತ ಸಿಮೆಂಟು. ಬೂದಿ ನಿಧಾನವಾಗಿ ಸುಣ್ಣದೊಡನೆ ಕೂಡಿ ಒಳಗಿನ ನಾಳಗಳನ್ನು ಮುಚ್ಚುತ್ತದೆ. ಕೃಷ್ಣರಾಜಸಾಗರದ ಗಾರೆಯಲ್ಲಿ ಸುರ್ಕಿ, ಅಂದರೆ ಸುಟ್ಟ ಇಟ್ಟಿಗೆಯ ಪುಡಿ, ಮಾಡಿದ್ದೂ ಇದೇ ಕೆಲಸ. ಅದಕ್ಕೆ ತೇವ ಹೆಚ್ಚು ದಿನ ಬೇಕು. ಆದ್ದರಿಂದ ಇಂಥ ಸಿಮೆಂಟಿಗೆ ಕ್ಯೂರಿಂಗ್ ಕನಿಷ್ಠ 10 ದಿನ ಎನ್ನುತ್ತದೆ ಐಎಸ್ 456, ಸಾಧ್ಯವಾದರೆ ನೀವು 14 ದಿನ ಮಾಡಿ. ಮಾರನೆಯ ದಿನ ಬೆಳಿಗ್ಗೆಯೇ ಪಾತಿ ಕಟ್ಟಿ ನೀರು ನಿಲ್ಲಿಸಿ. ಬೀಮ್ ಪಕ್ಕಕ್ಕೆ ಪಾತಿ ನಿಲ್ಲದ ಕಡೆ ಒದ್ದೆ ಗೋಣಿ ಸುತ್ತಿಸಿ. ಊರುಗೋಲುಗಳನ್ನು ಇಂಜಿನಿಯರ್ ಬಂದು ಹೇಳುವ ತನಕ ಯಾರೂ ಮುಟ್ಟದಂತೆ ನೋಡಿಕೊಳ್ಳಿ.