ತಾಸಿಗೆ 33 ರೂಪಾಯಿಯ ಇನ್‌ಸೋಲ್

ಹೆಸರುಕಾಳು ಮಾರಿ ಬಂದ ದುಡ್ಡಿನಲ್ಲಿ ಅವ್ವನ ಮೊಣಕಾಲಿಗೆಂದು ಆರು ಸಾವಿರ ರೂಪಾಯಿ ತೆಗೆದಿಟ್ಟೆವು. ನವಲಗುಂದದಲ್ಲಿ ಕಂಪನಿಯೊಂದು ಹಾಕಿದ್ದ ಕ್ಯಾಂಪಿನಲ್ಲಿ ಯಂತ್ರದ ಮೇಲೆ ನಿಲ್ಲಿಸಿ ಪಾದದ ಅಳತೆ ತೆಗೆದರು. ಹೊರಅಂಚು ಎತ್ತರವಿರುವ ಇನ್‌ಸೋಲಿಗೆ 4,800. ಅದು ಚಪ್ಪಲಿಯಲ್ಲಿ ಕೂರದು, ಹಾಗಾಗಿ ಬೂಟಿಗೆ 1,200. ಕೀಲಿನ ಒಳಬದಿಯ ಭಾರ ಇಳಿಯುತ್ತದೆ, ಸವೆತ ನಿಲ್ಲುತ್ತದೆ, ಆಪರೇಶನ್ ತಪ್ಪುತ್ತದೆ ಎಂದು ಭರವಸೆ ಕೊಟ್ಟರು.

ಲೆಕ್ಕ ಹಾಕಿ. ಅವ್ವನ ದಿನ ಕಳೆಯುವುದು ಬರಿಗಾಲಲ್ಲಿ: ಅಡುಗೆಮನೆ, ಪಡಸಾಲೆ, ದನದ ಮನೆ, ಗುಡಿ. ಹೊಲದಲ್ಲಿ ಎರೆಮಣ್ಣು, ಹಸಿಯಿದ್ದರೆ ಬೂಟು ಎತ್ತುವುದೇ ಕಷ್ಟ. ‘ಒಲಿ ಮುಂದ ಬೂಟ್ ಹಾಕ್ಕೊಂಡು ಕುಂದರ್ಲೇನ?’ ಎಂದಳು ಅವ್ವ. ಸಂತೆ, ಬ್ಯಾಂಕು ಸೇರಿ ದಿನಕ್ಕೆ ಸರಾಸರಿ ಒಂದು ತಾಸು ಅದು ಕಾಲಲ್ಲಿರುತ್ತದೆ. ಆರು ತಿಂಗಳಿಗೊಮ್ಮೆ ಬದಲಿಸಬೇಕೆಂದು ಕಂಪನಿಯವರೇ ಹೇಳಿದ್ದಾರೆ. ಅಂದರೆ 180 ತಾಸು. 6,000ವನ್ನು 180ರಿಂದ ಭಾಗಿಸಿದರೆ ತಾಸಿಗೆ 33 ರೂಪಾಯಿ. ಬೂಟು ಬಾಳಿಕೆ ಬಂದರೂ ವರ್ಷಕ್ಕೆ ಎರಡು ಜೊತೆ ಇನ್‌ಸೋಲ್: 9,600. ಐದು ವರ್ಷಕ್ಕೆ 48,000.

ನೋವು ಇಳಿದಿದ್ದರೆ ತಕರಾರಿರಲಿಲ್ಲ. ಹಲವು ಪ್ರಯೋಗಗಳನ್ನು ಒಟ್ಟಿಗೆ ಪರಿಶೀಲಿಸಿ 2013ರಲ್ಲಿ ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಬಂದ ವಿಶ್ಲೇಷಣೆಯ ಪ್ರಕಾರ, ಸಪಾಟಾದ ಸಾದಾ ಇನ್‌ಸೋಲಿಗಿಂತ ಈ ಓರೆ ಇನ್‌ಸೋಲಿನಿಂದ ಹೇಳಿಕೊಳ್ಳುವಂಥ ಲಾಭವಿಲ್ಲ. 2019ರಲ್ಲಿ ಅಲ್ಲಿನ ಸಂಧಿವಾತ ತಜ್ಞರ ಮಾರ್ಗಸೂಚಿಯೂ ಇದನ್ನು ಬೇಡವೆಂದಿತು. ವ್ಯಾಯಾಮ, ತೂಕ ಇಳಿಕೆ, ಊರುಗೋಲುಗಳನ್ನು ಬಲವಾಗಿ ಶಿಫಾರಸು ಮಾಡಿತು. ಇಷ್ಟಾದರೂ ಹಳ್ಳಿಗೆ ಬಂದು ‘ಸವೆತ ನಿಲ್ಲುತ್ತದೆ’ ಎಂದು ಮಾರುವುದು ಅನ್ಯಾಯ.

ಊರುಗೋಲನ್ನು ನೋವಿಲ್ಲದ ಬದಿಯ ಕೈಯಲ್ಲಿ ಹಿಡಿಯಬೇಕು. 2017ರಲ್ಲಿ ಶುರುವಾದ ರಾಷ್ಟ್ರೀಯ ವಯೋಶ್ರೀ ಯೋಜನೆಯಲ್ಲಿ 60 ದಾಟಿದ ಬಿಪಿಎಲ್ ಹಿರಿಯರಿಗೆ ಅದು ಉಚಿತ. ನೋವಿಗೆ ಹಚ್ಚುವ ಡೈಕ್ಲೋಫೆನಾಕ್ ಜೆಲ್ ಜನೌಷಧಿ ಅಂಗಡಿಯಲ್ಲಿ ಅಗ್ಗ.

ಉಳಿದದ್ದು ರೂಢಿಯ ಮಾತು. ಕುಕ್ಕರಗಾಲಲ್ಲಿ ಕುಳಿತು ಕಸ ತೆಗೆಯುವುದು, ನೆಲದ ಮೇಲೆ ರೊಟ್ಟಿ ಬಡಿಯುವುದು ಕಡಿಮೆಯಾಗಬೇಕು. ಒಲೆ ಕಟ್ಟೆಯ ಮೇಲೇರಲಿ. ತೊಡೆಯ ಸ್ನಾಯು ಗಟ್ಟಿಯಾಗುವ ವ್ಯಾಯಾಮ ದಿನವೂ ನಡೆಯಲಿ. ಒಂದು ಕಿಲೋ ತೂಕ ಇಳಿದರೆ ಪ್ರತಿ ಹೆಜ್ಜೆಗೆ ಮೊಣಕಾಲಿನ ಮೇಲಿನ ಭಾರ ಸುಮಾರು ನಾಲ್ಕು ಕಿಲೋ ಇಳಿಯುತ್ತದೆ. ಎತ್ತು ಕುಂಟಿದರೆ ಅಂದೇ ಡಾಕ್ಟರನ್ನು ಕರೆಸುವ ನಾವು ಅವ್ವಂದಿರ ಕಾಲಿಗೆ ವರ್ಷಗಟ್ಟಲೆ ಕಾಯುತ್ತೇವೆ. ಕೊನೆಗೆ ಕ್ಯಾಂಪಿನವರ ಕೈಗೆ ದುಡ್ಡು ಹಾಕುತ್ತೇವೆ.

ಅಣ್ಣೋರೆ, ಅಕ್ಕೋರೆ, ಕ್ಯಾಂಪಿನಲ್ಲಿ ಮುಂಗಡ ಕೊಡಬೇಡಿ. ಮೊದಲು ಹುಬ್ಬಳ್ಳಿಯ ಕೆಎಂಸಿಆರ್‌ಐ (ಹಿಂದಿನ ಕಿಮ್ಸ್) ಸರ್ಕಾರಿ ಆಸ್ಪತ್ರೆಯಲ್ಲಿ ಎಲುಬಿನ ಡಾಕ್ಟರಿಗೆ ತೋರಿಸಿ, ಫಿಜಿಯೋಥೆರಪಿ ಕಲಿತು ಬನ್ನಿ.