ಪೌತಿ ಖಾತೆ: ಅಪ್ಪನ ಜಮೀನು ವಾರಸುದಾರರ ಹೆಸರಿಗೆ

ಅಜ್ಜ ತೀರಿಕೊಂಡು ವರ್ಷಗಳೇ ಉರುಳಿದರೂ ಪಹಣಿಯಲ್ಲಿ ಅವರದೇ ಹೆಸರು ಉಳಿದಿರುವ ಮನೆಗಳು ನಮ್ಮ ಹಳ್ಳಿಗಳಲ್ಲಿ ಬೇಕಾದಷ್ಟಿವೆ. ಬೆಳೆ ಸಾಲಕ್ಕೋ ಪರಿಹಾರಕ್ಕೋ ಹೋದಾಗಲೇ ತೊಡಕು ಗೊತ್ತಾಗುವುದು. ಕರ್ನಾಟಕ ಭೂಕಂದಾಯ ಕಾಯ್ದೆ 1964ರ 128ನೇ ಕಲಂ ಪ್ರಕಾರ, ವಾರಸುದಾರರು ಹಕ್ಕು ಬಂದ ಮೂರು ತಿಂಗಳೊಳಗೆ ಕಂದಾಯ ಇಲಾಖೆಗೆ ತಿಳಿಸಬೇಕು. ತಡವಾಗಿದ್ದರೂ ಈಗಲೇ ಅರ್ಜಿ ಹಾಕಿ.

ಮೊದಲು ಮರಣ ಪ್ರಮಾಣಪತ್ರ. ಸಾವನ್ನು 21 ದಿನದೊಳಗೆ ನೋಂದಾಯಿಸಿ. ವರ್ಷ ದಾಟಿದರೆ ಮ್ಯಾಜಿಸ್ಟ್ರೇಟರ ಆದೇಶ ತರಬೇಕಾಗುತ್ತದೆ. ಪ್ರಮಾಣಪತ್ರದಲ್ಲಿರುವ ಹೆಸರು ಪಹಣಿಯ ಹೆಸರಿಗೆ ಹೊಂದುತ್ತದೆಯೇ ನೋಡಿಕೊಳ್ಳಿ.

ಎರಡನೆಯದು ವಂಶವೃಕ್ಷ. ನಾಡಕಚೇರಿಯಲ್ಲಿ ಅರ್ಜಿ, ಜೊತೆಗೆ ಅಫಿಡವಿಟ್. ಅನ್ಯಾಯ ನಡೆಯುವುದು ಇಲ್ಲೇ: ಮದುವೆಯಾಗಿ ಹೋದ ಹೆಣ್ಣುಮಕ್ಕಳ ಹೆಸರನ್ನು ಬಿಟ್ಟು ಬರೆಸುತ್ತಾರೆ. ಹಿಂದೂ ಉತ್ತರಾಧಿಕಾರ ಕಾಯ್ದೆ 1956ರಂತೆ, ವಿಲ್ ಬರೆಯದೆ ತೀರಿಕೊಂಡವರ ಸ್ವಯಾರ್ಜಿತ ಆಸ್ತಿಯಲ್ಲಿ ಹೆಂಡತಿ, ತಾಯಿ, ಗಂಡುಮಕ್ಕಳು, ಹೆಣ್ಣುಮಕ್ಕಳು ಎಲ್ಲರಿಗೂ ಸಮಪಾಲು. ತಾಯಿ, ಹೆಂಡತಿ, ಇಬ್ಬರು ಗಂಡುಮಕ್ಕಳು, ಒಬ್ಬಳು ಮಗಳಿದ್ದರೆ ಐದು ಪಾಲು. ಪಿತ್ರಾರ್ಜಿತದಲ್ಲಿ ಮಗಳಿಗೆ ಹುಟ್ಟಿನಿಂದಲೇ ಮಗನಷ್ಟೇ ಹಕ್ಕು ಕೊಟ್ಟದ್ದು 2005ರ ತಿದ್ದುಪಡಿ. ಆ ತಿದ್ದುಪಡಿ ಜಾರಿಯಾದ ದಿನ ತಂದೆ ಬದುಕಿರಲೇಬೇಕೆಂದಿಲ್ಲ ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿದೆ. ಹೆಸರು ಮುಚ್ಚಿಟ್ಟು ಮಾಡಿಸಿದ ಖಾತೆ ಮುಂದೆ ದಾವೆಗೆ ದಾರಿ.

ಇವೆರಡರ ಜೊತೆಗೆ ಪಹಣಿ, ವಾರಸುದಾರರ ಆಧಾರ್ ಇಟ್ಟು ಪೌತಿ ಖಾತೆಗೆ ಅರ್ಜಿ ಕೊಡಿ. ನೋಟಿಸ್ ಹೊರಡುತ್ತದೆ, ಅವಧಿಯೊಳಗೆ ತಕರಾರು ಬರದಿದ್ದರೆ ಮ್ಯುಟೇಶನ್ ಆಗಿ ಎಲ್ಲರ ಹೆಸರೂ ಜಂಟಿಯಾಗಿ ಪಹಣಿಗೆ ಏರುತ್ತವೆ. ತಕರಾರು ಬಂದರೆ ವಿಚಾರಣೆ.

ಖಾತೆಯಾದ ಮಾತ್ರಕ್ಕೆ ಜಮೀನು ಭಾಗವಾದಂತಲ್ಲ. ಬೇರೆ ಬೇರೆ ಪಾಲು ಬೇಕಿದ್ದರೆ ಪಾಲುಗಳನ್ನು ಗುರುತಿಸುವ 11ಇ ಸರ್ವೆ ನಕ್ಷೆ ಮಾಡಿಸಿ, ವಿಭಾಗ ಪತ್ರ ನೋಂದಾಯಿಸಬೇಕು. ಖಾತೆ ಮಾಲೀಕತ್ವವನ್ನು ಹುಟ್ಟಿಸುವುದೂ ಇಲ್ಲ, ಅದು ಕಂದಾಯದ ದಾಖಲೆ ಅಷ್ಟೇ. ಬ್ಯಾಂಕಿನ ನಾಮಿನಿಯ ಕಥೆಯೂ ಹೀಗೆಯೇ: ಹಣ ಅವರ ಕೈಗೆ ಬಂದರೂ ಅದು ಎಲ್ಲ ವಾರಸುದಾರರಿಗೆ ಸೇರಿದ್ದು.

ಅಕ್ಕತಂಗಿಯರಿಗೆ ಒಂದು ಮಾತು. ಹಕ್ಕು ಬಿಡುಗಡೆ ಪತ್ರ ನೋಂದಣಿಯಾದ ಮೇಲೆ ಪಾಲು ಮರಳಿ ಪಡೆಯುವುದು ಬಹಳ ಕಷ್ಟ. ಅಣ್ಣ ತಮ್ಮಂದಿರು ಎಷ್ಟೇ ಅವಸರ ಮಾಡಲಿ, ನಂಬುವ ವಕೀಲರಿಂದ ಓದಿಸಿ ತಿಳಿದುಕೊಳ್ಳದೆ ಸಹಿ ಹಾಕಬೇಡಿ.