ಕೀ ಕೊಡಲಿ, ಕಷಾಯ ಬೇಡ

ತಮ್ಮಾ, ನಿಮ್ಮಮ್ಮ ಬುಲೆಟ್ಟಿನ ಕೀಯನ್ನು ಅಕ್ಕಿ ಡಬ್ಬದಲ್ಲಿ ಬಚ್ಚಿಟ್ಟಿದ್ದಾರಂತೆ. ನೀನು ಡಬ್ಬಕ್ಕೆ ಕೈ ಹಾಕಿ ಸಿಕ್ಕಿಬಿದ್ದೆಯಂತೆ. ರಾಬರ್ಟ್‌ಸನ್‌ಪೇಟೆಯಲ್ಲಿ ಮೆಡಿಕಲ್ ಶಾಪ್ ಇಟ್ಟುಕೊಂಡು ಮುದುಕನಾದವನಿಗೆ ಊರಿನ ಸುದ್ದಿಯೆಲ್ಲ ಗಲ್ಲಾದ ಹತ್ತಿರವೇ ಬರುತ್ತದೆ. ಹೃದಯ ಕಸಿಯಾದವನು ಮತ್ತೆ ಬೈಕ್ ಹತ್ತಬಹುದಾ ಅಂತ ಕೇಳಿದೆಯಲ್ಲ, ಹತ್ತಬಹುದು. ನಿನ್ನ ಆಸ್ಪತ್ರೆಯ ಕಸಿ ತಂಡದವರು ಹೂಂ ಅಂದ ದಿನ ಹತ್ತು. ಆದರೆ ನಿಮ್ಮ ಮನೆಯವರು ಹೆದರಬೇಕಾದ ಕಡೆ ಹೆದರುತ್ತಿಲ್ಲ. ಕೀ ಬಚ್ಚಿಟ್ಟ ಕೈಯೇ ಬೆಳಿಗ್ಗೆ ಎದ್ದು ನಿನಗೆ ಅಮೃತಬಳ್ಳಿ ಕಷಾಯ ಕುಡಿಸುತ್ತಿದೆ. ನನಗೆ ಬೈಕಿಗಿಂತ ಆ ಲೋಟದ ಭಯವೇ ಜಾಸ್ತಿ.

ನಿನ್ನ ಎದೆಯಲ್ಲಿ ಬಡಿಯುತ್ತಿರುವುದು ನಿನ್ನ ಮೈಯ ಲೆಕ್ಕದಲ್ಲಿ ಹೊರಗಿನದು. ಅದನ್ನು ಆಚೆಗೆ ಹಾಕಲು ಮೈ ಹೊಂಚುತ್ತಲೇ ಇರುತ್ತದೆ. ಟ್ಯಾಕ್ರೋಲಿಮಸ್, ಮೈಕೋಫಿನೊಲೇಟ್, ಪ್ರೆಡ್ನಿಸೊಲೋನ್ ಅಂತ ನೀನು ನುಂಗುತ್ತೀಯಲ್ಲ, ಅವು ಆ ರೋಗನಿರೋಧಕ ಶಕ್ತಿಯನ್ನು ಬೇಕೆಂದೇ ತಗ್ಗಿಸಿ ಇಡುತ್ತವೆ. ‘ರೋಗನಿರೋಧಕ ಶಕ್ತಿ ಹೆಚ್ಚಿಸುತ್ತದೆ’ ಅಂತ ಬಾಟಲಿಯ ಮೇಲೆ ಬರೆದ ಯಾವುದೇ ಕಷಾಯ, ಲೇಹ್ಯ, ಪುಡಿ ನಿನ್ನ ಮಾತ್ರೆಗೆ ಎದುರು ಕೆಲಸ ಮಾಡಬಹುದು. ಅಮೃತಬಳ್ಳಿಯಿಂದ ಲಿವರ್ ಕೆಟ್ಟ ವರದಿಗಳೂ ನಮ್ಮ ದೇಶದಲ್ಲೇ ಬಂದಿವೆ. ಅಮ್ಮನಿಗೆ ನೀನು ಹೇಳಿದರೆ ಕೇಳುವುದಿಲ್ಲ, ನಾನೇ ಬಂದು ಹೇಳುತ್ತೇನೆ.

ಆ ಶಕ್ತಿಯನ್ನು ತಗ್ಗಿಸಿ ಇಡುವ ಈ ಸಮತೋಲ ಎಷ್ಟು ನಾಜೂಕು ಅನ್ನುವುದಕ್ಕೆ ಜಗತ್ತಿನ ಮೊದಲ ಹೃದಯ ಕಸಿಯ ಕೇಸೇ ಸಾಕ್ಷಿ. 1967ರ ಡಿಸೆಂಬರ್ 3ರಂದು ದಕ್ಷಿಣ ಆಫ್ರಿಕಾದ ಕೇಪ್‌ಟೌನಿನಲ್ಲಿ ಡಾ. ಕ್ರಿಸ್ಟಿಯಾನ್ ಬರ್ನಾರ್ಡ್ ಲೂಯಿ ವಾಷ್‌ಕಾನ್‌ಸ್ಕಿ ಎಂಬುವರಿಗೆ ಹೃದಯ ಕಸಿ ಮಾಡಿದರು. ಹೃದಯ ಕೊಟ್ಟ ಹುಡುಗಿ ರಸ್ತೆ ದಾಟುವಾಗ ಕಾರಿಗೆ ಸಿಕ್ಕವಳು. ವಾಷ್‌ಕಾನ್‌ಸ್ಕಿ 18 ದಿನ ಬದುಕಿದರು. ಕೊಂದದ್ದು ಹೃದಯವಲ್ಲ, ರೋಗನಿರೋಧಕ ಶಕ್ತಿ ತಗ್ಗಿದ್ದಾಗ ಹಿಡಿದ ನ್ಯುಮೋನಿಯಾ. ಕೆಲವೇ ವಾರಗಳಲ್ಲಿ, 1968ರ ಫೆಬ್ರುವರಿಯಲ್ಲಿ, ಮುಂಬೈನ ಕೆ.ಇ.ಎಂ. ಆಸ್ಪತ್ರೆಯಲ್ಲಿ ಡಾ. ಪಿ.ಕೆ. ಸೇನ್ ನಮ್ಮ ದೇಶದ ಮೊದಲ ಪ್ರಯತ್ನ ಮಾಡಿದರು, ಆ ರೋಗಿ ಉಳಿಯಲಿಲ್ಲ. ಗೆದ್ದದ್ದು 1994ರ ಆಗಸ್ಟ್ 3ಕ್ಕೆ, ದೆಹಲಿಯ ಏಮ್ಸ್‌ನಲ್ಲಿ, ಡಾ. ವೇಣುಗೋಪಾಲ್ ಕೈಯಲ್ಲಿ. ಕೊಯ್ದು ಹೊಲಿಯುವುದು ಡಾಕ್ಟರುಗಳಿಗೆ ಮೊದಲೇ ಗೊತ್ತಿತ್ತು ಕಣಪ್ಪ. ಆ 26 ವರ್ಷಗಳಲ್ಲಿ ಬರಬೇಕಾಗಿದ್ದದ್ದು ಸೈಕ್ಲೋಸ್ಪೋರಿನ್‌ನಂಥ ಔಷಧಿ, ಮತ್ತು ಮಿದುಳು ಸತ್ತವರಿಂದ ಅಂಗ ಪಡೆಯಬಹುದು ಅನ್ನುವ ಕಾನೂನು. ಅಂದರೆ ನಿನ್ನ ಆಯಸ್ಸು ಆಪರೇಷನ್ ಥಿಯೇಟರಿನಲ್ಲಿ ಮುಗಿದ ವಿಷಯವಲ್ಲ. ಅದು ಬೆಳಿಗ್ಗೆ ಒಂದು ಸಲ, ರಾತ್ರಿ ಒಂದು ಸಲ ನೀನು ತೆಗೆಯುವ ಆ ಸ್ಟ್ರಿಪ್ಪಿನಲ್ಲಿದೆ.

ಆದ್ದರಿಂದ ಅಂಗಡಿಯವನಾಗಿ ಮೊದಲು ಸ್ಟ್ರಿಪ್ಪಿನ ಮಾತು. ಟ್ಯಾಕ್ರೋಲಿಮಸ್ಸನ್ನು 12 ಗಂಟೆಗೊಮ್ಮೆ ಅಂತ ಬರೆದಿದ್ದರೆ 12 ಗಂಟೆಗೊಮ್ಮೆಯೇ. ಬೆಳಿಗ್ಗೆ 8, ರಾತ್ರಿ 8. ಗೆಳೆಯರ ಜೊತೆ ಹೋಗಿದ್ದೆ, ಹತ್ತೂವರೆಗೆ ಬಂದು ತಗೊಂಡೆ ಅನ್ನುವ ಹಾಗಿಲ್ಲ. ರಕ್ತ ಪರೀಕ್ಷೆಯ ದಿನ ಮಾತ್ರ ಬೆಳಗಿನದನ್ನು ನುಂಗದೆ ಲ್ಯಾಬಿಗೆ ಹೋಗು, ರಕ್ತ ಕೊಟ್ಟ ಮೇಲೆ ನುಂಗು. ಅವರಿಗೆ ಬೇಕಾಗಿರುವುದು ಮುಂದಿನ ಡೋಸಿಗೆ ಮುಂಚೆ ಮೈಯಲ್ಲಿ ಉಳಿದಿರುವ ಮಟ್ಟ. ಮೊದಲೇ ನುಂಗಿಬಿಟ್ಟರೆ ಲೆಕ್ಕ ಮೇಲೆ ತೋರಿಸುತ್ತದೆ, ಡೋಸ್ ಇಳಿಸುತ್ತಾರೆ, ಅಲ್ಲಿಂದ ಎಡವಟ್ಟು ಶುರು. ಇನ್ನು, ಯಾವ ಅಂಗಡಿಯವನಾದರೂ ‘ಆ ಕಂಪನಿದು ಸ್ಟಾಕಿಲ್ಲ, ಇದೂ ಅದೇ ಮಾಲು’ ಅಂತ ಬೇರೆ ಕಂಪನಿಯ ಕ್ಯಾಪ್ಸೂಲ್ ಕೊಟ್ಟರೆ ತೆಗೆದುಕೊಳ್ಳಬೇಡ. ಬಿ.ಪಿ. ಮಾತ್ರೆಗೆ ಆ ಮಾತು ನಡೆಯುತ್ತದೆ, ಇದಕ್ಕೆ ನಡೆಯುವುದಿಲ್ಲ. ಬದಲಿಸಲೇಬೇಕಾದರೆ ಡಾಕ್ಟರಿಗೆ ತಿಳಿಸಿ, ಮತ್ತೆ ರಕ್ತದ ಮಟ್ಟ ನೋಡಿಸಿಕೊಂಡು ಬದಲಿಸಬೇಕು.

ಸೊಂಟ ನೋವು ಅಂತ ಬಂದವರಿಗೆ ನಮ್ಮಲ್ಲಿ ಚೀಟಿ ಇಲ್ಲದೆ ಡೈಕ್ಲೋಫೆನಾಕ್ ಕೊಡುವುದು ರೂಢಿ. ನಿನಗೆ ಅದು ಬೇಡ, ಐಬುಪ್ರೊಫೆನ್ನೂ ಬೇಡ. ಟ್ಯಾಕ್ರೋಲಿಮಸ್ ಮೊದಲೇ ಕಿಡ್ನಿಗೆ ಭಾರ, ಇವೂ ಸೇರಿದರೆ ಕಿಡ್ನಿ ಕೈಕೊಡುತ್ತದೆ. ಕೆಮ್ಮಿಗೆ ಕೊಡುವ ಕ್ಲಾರಿಥ್ರೋಮೈಸಿನ್ ನಿನ್ನ ಔಷಧಿಯ ಮಟ್ಟವನ್ನು ರಕ್ತದಲ್ಲಿ ಏರಿಸುತ್ತದೆ, ಟಿ.ಬಿ.ಯ ರಿಫಾಂಪಿಸಿನ್ ಪಾತಾಳಕ್ಕೆ ಇಳಿಸುತ್ತದೆ. ಹಾಗಾಗಿ ಯಾವ ಡಾಕ್ಟರ ಮುಂದೆ ಕೂತರೂ ಮೊದಲ ಮಾತು ‘ನನಗೆ ಹೃದಯ ಕಸಿಯಾಗಿದೆ’ ಅಂತಲೇ ಇರಲಿ.

ಮತ್ತೆ ಚಕ್ಕೋತ. ದೇವನಹಳ್ಳಿ ಕಡೆಯ ಬೀಗರು ಪ್ರೀತಿಯಿಂದ ತಂದುಕೊಡುತ್ತಾರೆ, ಜಿ.ಐ. ಮಾನ್ಯತೆ ಪಡೆದ ಹಣ್ಣು ಅಂತ ಹೆಮ್ಮೆಯೂ ಇದೆ. ಆ ಜಾತಿಯ ಹಣ್ಣಿನಲ್ಲಿರುವ ಅಂಶ ಕರುಳಿನಲ್ಲಿ ಟ್ಯಾಕ್ರೋಲಿಮಸ್ ಕರಗಿಸುವ ಕಿಣ್ವವನ್ನು ತಡೆಯುತ್ತದೆ. ಔಷಧಿ ಮೈಯಲ್ಲಿ ಉಳಿದು ವಿಷವಾಗುತ್ತದೆ. ಒಂದು ತೊಳೆಯೂ ಬೇಡ. ಬೀಗರ ಮುನಿಸು ನಾಲ್ಕು ದಿನದ್ದು.

ಇಷ್ಟು ಔಷಧಿಯ ಮಾತು. ಇನ್ನು ನಮ್ಮ ಊರಿನ ಮಾತು, ಇದನ್ನು ಬೆಂಗಳೂರಿನ ಆಸ್ಪತ್ರೆಯಲ್ಲಿ ಕೊಟ್ಟ ಕರಪತ್ರದಲ್ಲಿ ಬರೆದಿರುವುದಿಲ್ಲ. 2001ರ ಫೆಬ್ರುವರಿ 28ಕ್ಕೆ ನಮ್ಮ ಕೋಲಾರದ ಚಿನ್ನದ ಗಣಿ ಮುಚ್ಚಿತು, ಸೈನೈಡ್ ದಿಬ್ಬಗಳು ಮಾತ್ರ ನಮ್ಮ ಪಾಲಿಗೆ ಉಳಿದವು. ಚಿನ್ನ ತೆಗೆದುಬಿಟ್ಟ ಪುಡಿಮಣ್ಣು, ಹದಿಮೂರು ದಿಬ್ಬ, ಮೂರು ಕೋಟಿ ಟನ್ನಿಗೂ ಹೆಚ್ಚು. ಆಷಾಢದ ಗಾಳಿಗೆ ಅದು ಚಾಂಪಿಯನ್ ರೀಫ್ಸ್ ಕ್ವಾರ್ಟರ್ಸಿನ ಒಳಗೆ ಬಂದು ತಟ್ಟೆಯಲ್ಲಿ ಕೂರುತ್ತದೆ, ನಿನಗೆ ಹೇಳಬೇಕಾ. ನಮ್ಮ ಅಪ್ಪಂದಿರ ಪುಪ್ಪುಸ ಆ ಕಲ್ಲಿನ ಪುಡಿಯಲ್ಲೇ ಕರಗಿತು. ಕೆ.ಜಿ.ಎಫ್. ಸಿನಿಮಾ ಬಂದ ಮೇಲೆ ಬೆಂಗಳೂರಿನ ಬೈಕ್ ಹುಡುಗರು ದಿಬ್ಬದ ಕೆಳಗೆ ನಿಂತು ಫೋಟೊ ತೆಗೆಸಿಕೊಳ್ಳಲು ಬರುತ್ತಾರೆ. ಅವರ ಜೊತೆ ನೀನು ಹೋಗಬೇಡ. ಗಾಳಿ ಏಳುವ ತಿಂಗಳಲ್ಲಿ ಎನ್-95 ಮಾಸ್ಕ್ ಇಲ್ಲದೆ ಹೊಸಿಲು ದಾಟಬೇಡ. ಹಾಳು ಬಿದ್ದ ಶಾಫ್ಟು, ಬಾವಲಿ ತುಂಬಿದ ಕಟ್ಟಡ, ಪಾರಿವಾಳದ ಹಿಕ್ಕೆಯ ಅಟ್ಟ, ಇವುಗಳಲ್ಲಿರುವ ಬೂಷ್ಟು ನಮಗೆ ಸೀನು ತರಿಸಿದರೆ ನಿನ್ನನ್ನು ಐ.ಸಿ.ಯು.ಗೆ ಕಳಿಸುತ್ತದೆ.

ಬಂಗಾರಪೇಟೆ ಪಾನಿಪುರಿಯ ಬಗ್ಗೆ ಬರೆಯಲು ನನಗೂ ಸಂಕಟ. ಬಣ್ಣವೇ ಇಲ್ಲದ, ನೋಡಲು ಬೋರ್‌ವೆಲ್ ನೀರಿನಂತಿದ್ದು ಮೂಗಿನಲ್ಲಿ ನೀರು ಬರಿಸುವ ಆ ಪಾನಿ ಬೇರೆಲ್ಲೂ ಸಿಗದು. ಆದರೂ ಅದು ಕುದಿಸದ ನೀರು. ಬಿಡು. ಬಿಸಿ ಮಸಾಲೆ ಹಾಕಿಸಿಕೊ, ಮೇಲೆ ಉದುರಿಸುವ ಹಸಿ ಈರುಳ್ಳಿ, ಕೊತ್ತಂಬರಿ ಬೇಡ ಅನ್ನು. ಕೋಲಾರದ ಅಂತರಗಂಗೆಗೆ ಹೋದರೆ ಕಲ್ಲಿನ ಬಸವನ ಬಾಯಿಂದ ಬೀಳುವ ತೀರ್ಥವನ್ನು ಕಣ್ಣಿಗೊತ್ತಿಕೊ, ಬಾಯಿಗೆ ಬೇಡ. ಅಲ್ಲಿನ ಕೋತಿಗಳಿಂದಲೂ ದೂರ ಇರು. ಬೆಂಗಳೂರಿನ ಕೊಳಚೆಯನ್ನು ಶುದ್ಧೀಕರಿಸಿ ಬಿಡುವ ಕೆ.ಸಿ. ವ್ಯಾಲಿ ನೀರು ತುಂಬಿದ ಕೆರೆಗಳಲ್ಲಿ ಈಜು ಬೇಡ.

ಇಷ್ಟಾದ ಮೇಲೆ ಬೈಕು. ಎದೆಯ ಮೂಳೆಯನ್ನು ಉದ್ದಕ್ಕೆ ಸೀಳಿ ತಂತಿಯಿಂದ ಕಟ್ಟಿದ್ದಾರೆ. ಅದು ಗಟ್ಟಿಯಾಗಿ ಕೂಡಲು ಸುಮಾರು ಮೂರು ತಿಂಗಳು. ನಿನ್ನ ಬುಲೆಟ್ 190 ಕಿಲೋ ದಾಟುತ್ತದೆ. ಓಡುವಾಗ ಅದರ ಭಾರ ಗೊತ್ತಾಗುವುದಿಲ್ಲ, ಸೆಂಟರ್ ಸ್ಟ್ಯಾಂಡಿಗೆ ಎಳೆಯುವಾಗ, ಬೀಳುವುದನ್ನು ಹಿಡಿಯುವಾಗ ಗೊತ್ತಾಗುತ್ತದೆ. ಆ ಎಳೆತ ಬೀಳುವುದು ನೇರ ಎದೆಯ ಮೇಲೆ. ನನ್ನನ್ನು ಕೇಳಿದರೆ ಅದನ್ನು ಮಾರಿ ಸೆಲ್ಫ್ ಸ್ಟಾರ್ಟ್ ಇರುವ ಹಗುರದ ಗಾಡಿ ತೆಗೆದುಕೊ. ಮಾರುವುದಿಲ್ಲ ಅನ್ನುತ್ತೀಯ, ಗೊತ್ತು. ಕಿಕ್ ಹೊಡೆಯುವುದನ್ನಾದರೂ ತಮ್ಮನಿಗೆ ಬಿಡು.

ಇನ್ನೊಂದು ವಿಷಯ ಬಹಳ ಜನಕ್ಕೆ ತಿಳಿದಿಲ್ಲ. ಹೃದಯ ತೆಗೆಯುವಾಗ ಅದರ ನರಗಳು ಕತ್ತರಿಸಿ ಹೋಗುತ್ತವೆ. ಸುಮ್ಮನೆ ಕೂತಾಗಲೂ ನಿನ್ನ ನಾಡಿ ನಿಮಿಷಕ್ಕೆ 90ರಿಂದ 110 ಬಡಿಯುತ್ತದೆ. ಶ್ರಮಕ್ಕೆ ತಕ್ಕಂತೆ ಏರಲು ಅದಕ್ಕೆ ನರದ ಆಜ್ಞೆ ಇಲ್ಲ, ರಕ್ತದಲ್ಲಿ ಅಡ್ರಿನಲಿನ್ ಹರಿದು ಬರುವವರೆಗೆ ಕಾಯಬೇಕು. ಚಳಿಗಾಲದ ಬೆಳಿಗ್ಗೆ ಹಳೇ ಬುಲೆಟ್ಟನ್ನು ಐದು ನಿಮಿಷ ಐಡಲ್‌ನಲ್ಲಿ ಬಿಡುತ್ತಿದ್ದೆಯಲ್ಲ, ಹಾಗೆ. ಕೂತಲ್ಲಿಂದ ಎದ್ದು ಹಾರಿ ಗಾಡಿ ಹತ್ತಿದರೆ ತಲೆ ಸುತ್ತುತ್ತದೆ. ಅಂಗಳದಲ್ಲಿ ನಾಲ್ಕು ಸುತ್ತು ನಡೆದು ಆಮೇಲೆ ಹೆಲ್ಮೆಟ್ ಹಾಕು. ನರ ಇಲ್ಲದ್ದರಿಂದ ಹಾರ್ಟ್ ಅಟ್ಯಾಕ್ ಆದರೂ ಎದೆನೋವು ಬಾರದೆ ಹೋಗಬಹುದು. ನಿನ್ನ ಎಚ್ಚರಿಕೆಗಂಟೆ ಬೇರೆ: ಏದುಸಿರು, ಕಾಲು ಊತ, ಎರಡು ದಿನದಲ್ಲಿ ಏರಿದ ತೂಕ, 100 ದಾಟಿದ ಜ್ವರ. ಇದರಲ್ಲಿ ಒಂದು ಕಂಡರೂ ಊರಿನ ಕ್ಲಿನಿಕ್ಕಿನಲ್ಲಿ ಇಂಜೆಕ್ಷನ್ ಹಾಕಿಸಿಕೊಂಡು ಮಲಗಬೇಡ, ಕಸಿ ತಂಡಕ್ಕೆ ಆಗಲೇ ಫೋನ್ ಮಾಡು. ಕತ್ತಿನ ರಕ್ತನಾಳದಿಂದ ತಂತಿ ಇಳಿಸಿ ಹೃದಯದ ಚೂರು ತೆಗೆಯುವ ಬಯಾಪ್ಸಿಗೂ, ಕಾಲಕಾಲದ ಆಂಜಿಯೋಗ್ರಾಮಿಗೂ ತಪ್ಪಿಸಬೇಡ. ಸುಳಿವು ಕೊಡದೆ ಮೈ ಹೊಸ ಹೃದಯವನ್ನು ತಿರಸ್ಕರಿಸುವುದನ್ನು ಹಿಡಿಯುವುದು ಅವೇ.

ಟ್ಯಾಕ್ರೋಲಿಮಸ್ಸಿನಿಂದ ಕೈ ನಡುಗುತ್ತದೆ. ಕಾಫಿ ಲೋಟ ತುಳುಕುವ ದಿನ ಆಕ್ಸಲರೇಟರ್ ಹಿಡಿಯಬೇಡ. ಸ್ಟೀರಾಯ್ಡ್ ಚರ್ಮವನ್ನು ತೆಳು ಮಾಡುತ್ತದೆ, ಮೂಳೆಯನ್ನು ಟೊಳ್ಳು ಮಾಡುತ್ತದೆ. ಬೇರೆಯವರಿಗೆ ಮಂಡಿ ತರಚಿದರೆ ಅರಿಶಿನ ಸಾಕು, ನಿನಗೆ ಅದು ಆಸ್ಪತ್ರೆ. ಬಿಸಿಲಿಗೂ ಸೇರಿ ತುಂಬುತೋಳಿನ ಜಾಕೆಟ್, ಗ್ಲೌಸ್, ಐ.ಎಸ್.ಐ. ಹೆಲ್ಮೆಟ್, ಪಟ್ಟಿ ಬಿಗಿದು. ಹೊಸಕೋಟೆಯಿಂದ ನಮ್ಮ ಕಡೆಗೆ ಹಾದುಹೋಗುವ ಚೆನ್ನೈ ಎಕ್ಸ್‌ಪ್ರೆಸ್ ವೇ ಕಣ್ಣು ಕುಕ್ಕುತ್ತದೆ, ಅಲ್ಲಿ ದ್ವಿಚಕ್ರಕ್ಕೆ ಪ್ರವೇಶವಿಲ್ಲ, ಆ ಆಸೆ ಬೇಡ. ಬೆಂಗಳೂರಿನ ಚೆಕಪ್ಪಿಗೆ ಮಾರಿಕುಪ್ಪಂ ರೈಲಿದೆ. ಸವಾರಿಗೆ ಬೂದಿಕೋಟೆ ರಸ್ತೆ ಇದೆ, ಹೈದರ್ ಅಲಿ ಹುಟ್ಟಿದ ಊರು ನೋಡಿಕೊಂಡು ಮಧ್ಯಾಹ್ನದೊಳಗೆ ಮನೆಗೆ ಬಾ. ಮಾತ್ರೆಯನ್ನು ಗಾಡಿಯ ಸೈಡ್ ಬಾಕ್ಸಿನಲ್ಲಿ ಇಡಬೇಡ, ಏಪ್ರಿಲ್ ಬಿಸಿಲಿಗೆ ಅಲ್ಲಿ ಕ್ಯಾಪ್ಸೂಲ್ ಮೆತ್ತಗಾಗಿ ಒಂದಕ್ಕೊಂದು ಅಂಟಿಕೊಳ್ಳುತ್ತದೆ. ಜೋಳಿಗೆಯಲ್ಲಿ ನಿನ್ನ ಹತ್ತಿರವೇ ಇರಲಿ, ಎರಡು ದಿನಕ್ಕೆ ಹೆಚ್ಚಾಗಿ.

ಹೃದಯ ಕೊಟ್ಟವರ ಮನೆ ಹುಡುಕಿಕೊಂಡು ಹೋಗಬೇಕು ಅಂದೆಯಂತೆ. ಹೋಗಬೇಡ. ಕೊಟ್ಟವರ ಹೆಸರನ್ನು ಗುಟ್ಟಾಗಿ ಇಡುವ ಪದ್ಧತಿಗೆ ಕಾರಣವಿದೆ. ಅವರ ದುಃಖದ ಬಾಗಿಲಿಗೆ ನೀನು ಬುಲೆಟ್ ಸದ್ದು ಮಾಡಿಕೊಂಡು ಹೋಗಿ ನಿಲ್ಲುವುದು ಕೃತಜ್ಞತೆಯಾಗುವುದಿಲ್ಲ. ಯಾರು ಅನ್ನುವುದು ಬೇಡ, ಹೇಗೆ ಅನ್ನುವುದನ್ನು ಮಾತ್ರ ಯೋಚಿಸು. ನಮ್ಮ ದೇಶದಲ್ಲಿ ಮಿದುಳು ನಿಷ್ಕ್ರಿಯವಾಗಿ ಅಂಗ ಕೊಡುವವರಲ್ಲಿ ರಸ್ತೆಯಲ್ಲಿ ತಲೆಗೆ ಪೆಟ್ಟು ಬಿದ್ದವರೇ ಬಹಳ. ನಟ ಸಂಚಾರಿ ವಿಜಯ್ 2021ರ ಜೂನ್‌ನಲ್ಲಿ ಹೋದದ್ದು ಗೆಳೆಯನ ಬೈಕಿನ ಹಿಂದೆ ಕೂತಿದ್ದಾಗ, ಮನೆಯವರು ಅಂಗಾಂಗ ದಾನ ಮಾಡಿದರು. 2016ರಲ್ಲಿ ನೆಲಮಂಗಲದ ಹತ್ತಿರ ಲಾರಿಗೆ ಸಿಕ್ಕ ಗುಬ್ಬಿ ಕಡೆಯ ಬೈಕ್ ಹುಡುಗ ಹರೀಶ್, ರಸ್ತೆಯ ಮೇಲೆ ಬಿದ್ದಿದ್ದಾಗಲೇ ಅಂಗ ದಾನ ಮಾಡಿ ಅಂತ ಬೇಡಿಕೊಂಡರು. ಕಣ್ಣುಗಳು ದಾನವಾದವು. ಅಪಘಾತಕ್ಕೆ ಸಿಕ್ಕವರಿಗೆ ಮೊದಲ 48 ಗಂಟೆ ಉಚಿತ ಚಿಕಿತ್ಸೆ ಕೊಡುವ ಯೋಜನೆಗೆ ಸರ್ಕಾರ ಆಗ ಅವರ ಹೆಸರನ್ನೇ ಇಟ್ಟಿತು. ಆದರೆ ಹೃದಯ ದಾನಕ್ಕೆ ಕೊಡುವ ಇಚ್ಛೆಯೊಂದೇ ಸಾಲದು. ಮಿದುಳು ಸತ್ತು ಹೃದಯ ಬಡಿಯುತ್ತಿರಬೇಕು, ನಾಲ್ವರು ಡಾಕ್ಟರುಗಳ ಮಂಡಳಿ ಆರು ಗಂಟೆ ಅಂತರದಲ್ಲಿ ಎರಡು ಸಲ ಪರೀಕ್ಷಿಸಿ ಸಹಿ ಹಾಕಬೇಕು, ಹೊರತೆಗೆದ ಮೇಲೆ ಸುಮಾರು ನಾಲ್ಕು ಗಂಟೆಯೊಳಗೆ ಇನ್ನೊಂದು ಎದೆಯಲ್ಲಿ ಕೂರಿಸಬೇಕು.

ಎಷ್ಟು ವರ್ಷ ಅಂತ ನೀನು ಕೇಳಲಿಲ್ಲ, ನಿಮ್ಮಪ್ಪ ಕೇಳಿದರು. ಅಂತರರಾಷ್ಟ್ರೀಯ ಲೆಕ್ಕದಲ್ಲಿ ಕಸಿಯಾದ ದೊಡ್ಡವರಲ್ಲಿ ಅರ್ಧದಷ್ಟು ಜನ 12 ವರ್ಷ ದಾಟುತ್ತಾರೆ. ಬೆಂಗಳೂರಿನ ರೀನಾ ರಾಜು ಅವರಿಗೆ 2009ರಲ್ಲಿ ಒಂದು, 2017ರಲ್ಲಿ ಇನ್ನೊಂದು ಹೃದಯ ಕಸಿಯಾಯಿತು. ಕಸಿಯಾದವರಿಗೆ ನೆರವಾಗಲು ಅವರು ಸಂಸ್ಥೆಯನ್ನೇ ಕಟ್ಟಿದರು. ನೆದರ್ಲೆಂಡ್ಸಿನ ಬರ್ಟ್ ಯಾನ್ಸೆನ್ 1984ರಲ್ಲಿ ಲಂಡನ್ನಿನ ಹತ್ತಿರ ಕಸಿ ಮಾಡಿಸಿಕೊಂಡು 39 ವರ್ಷ ದಾಟಿ ಗಿನ್ನೆಸ್ ದಾಖಲೆ ಸೇರಿದರು. ಅವರು ಎಂಜಿನ್ನೇ ಇಲ್ಲದ ಗ್ಲೈಡರ್ ವಿಮಾನ ಹಾರಿಸುವವರು. ನಿಮ್ಮಮ್ಮನಿಗೆ ಇದನ್ನು ಓದಿ ಹೇಳು.

ಕೊನೆಗೆ ನಿನ್ನ ಬೈಕ್ ಗೆಳೆಯರಿಗೆ ಒಂದು ಮಾತು ಮುಟ್ಟಿಸು. ರಾಜ್ಯದ ಜೀವಸಾರ್ಥಕತೆ ಸಂಸ್ಥೆಯಲ್ಲಿ ಅಂಗದಾನಕ್ಕೆ ಹೆಸರು ಬರೆಸಲಿ. ಬರೆಸಿ ಸುಮ್ಮನಾಗದೆ ಆ ರಾತ್ರಿಯೇ ಊಟಕ್ಕೆ ಕೂತಾಗ ಮನೆಯಲ್ಲಿ ಬಾಯಿಬಿಟ್ಟು ಹೇಳಲಿ. ಜೇಬಿನಲ್ಲಿ ಕಾರ್ಡಿದ್ದರೂ ಐ.ಸಿ.ಯು. ಬಾಗಿಲಲ್ಲಿ ಒಪ್ಪಿಗೆಗೆ ಸಹಿ ಹಾಕಬೇಕಾದವರು ಮನೆಯವರೇ.